ಸೆಟೆದ ಕತ್ತು, ನೋಯುವ ಮೈ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಅಹಂಕಾರ ಮನಸ್ಸಿಗೆ ಸೇರಿದ್ದು, ನೋವು ಮೈಗೆ ಸೇರಿದ್ದು, ಇವೆರಡಕ್ಕೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ನಾವು ದಿನನಿತ್ಯ ಆಡುವ ಮಾತನ್ನೇ ಗಮನಿಸಿ. ಬಾಗಲು ಒಪ್ಪದವನನ್ನು ‘ಸೆಟೆದು ನಿಂತ’ ಅನ್ನುತ್ತೇವೆ. ದ್ವೇಷ ಸಾಧಿಸುವವನನ್ನು ‘ಹಲ್ಲು ಮಸೆಯುತ್ತಾನೆ’ ಅನ್ನುತ್ತೇವೆ. ಇನ್ನೊಬ್ಬರ ಏಳಿಗೆ ಸಹಿಸದಿದ್ದರೆ ಅದು ‘ಹೊಟ್ಟೆಕಿಚ್ಚು’. ಮನಸ್ಸಿನ ಗುಣಗಳನ್ನೆಲ್ಲ ನಮ್ಮ ಹಿರಿಯರು ಮೈಯ ಮೇಲೆ ಗುರುತಿಸಿದ್ದರು. ಅವರು ವೈದ್ಯಶಾಸ್ತ್ರ ಓದಿದವರಲ್ಲ, ಮನುಷ್ಯರನ್ನು ನೋಡಿದವರು.

ಜೋಗಿಮಟ್ಟಿ ಕಾಡಿನಲ್ಲಿ ಕರಡಿ ಎದುರಾಯಿತು ಎಂದುಕೊಳ್ಳಿ. ಆ ಕ್ಷಣವೇ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ಹೆಚ್ಚುತ್ತವೆ. ಎದೆ ಬಡಿತ ಏರುತ್ತದೆ, ರಕ್ತದ ಒತ್ತಡ ಏರುತ್ತದೆ, ಕತ್ತು, ಭುಜ, ದವಡೆಯ ಸ್ನಾಯುಗಳು ಬಿಗಿಯುತ್ತವೆ. ಓಡಲು ಅಥವಾ ಹೋರಾಡಲು ಮೈ ಸಜ್ಜಾಗುವ ರೀತಿ ಇದು. ಕರಡಿ ಹೋದ ಮೇಲೆ ಮೈ ಸಡಿಲವಾಗುತ್ತದೆ.

ಆದರೆ ‘ನಾನು’ ಎಂಬ ಕರಡಿ ಹೋಗುವುದಿಲ್ಲ. ಅಣ್ಣತಮ್ಮಂದಿರ ನಡುವೆ ಒಂದು ಅಡಿ ಬದುವಿನ ಜಗಳ ಇದೆ ಎನ್ನಿ. ಅದು ಹೊಳಲ್ಕೆರೆ ಕಡೆಯ ಅಡಿಕೆ ತೋಟವಿರಲಿ, ಹಿರಿಯೂರು ಕಡೆಯ ಹೊಲವಿರಲಿ, ಬದು ದಿನವೂ ಕಣ್ಣಿಗೆ ಬೀಳುತ್ತದೆ. ದಿನವೂ ಮೈ ಬಿಗಿಯುತ್ತದೆ. ‘ನಾನೇ ಮೊದಲು ಮಾತಾಡಿಸಿದರೆ ಸೋತಂತೆ’ ಎಂದು ಇಬ್ಬರೂ ವರ್ಷಗಟ್ಟಲೆ ಕಾಯುತ್ತಾರೆ. ಹೀಗೆ ಸಡಿಲವಾಗದೆ ಉಳಿದ ಸ್ನಾಯು ನೋಯತೊಡಗುತ್ತದೆ. ಕತ್ತು ಹಿಡಿಯುತ್ತದೆ, ಹಣೆಗೆ ಪಟ್ಟಿ ಬಿಗಿದಂತೆ ತಲೆ ನೋಯುತ್ತದೆ, ನಿದ್ದೆಯಲ್ಲೂ ಹಲ್ಲು ಕಡಿಯುವವರಿಗೆ ಬೆಳಗ್ಗೆ ದವಡೆ ನೋಯುತ್ತದೆ.

1965ರಲ್ಲಿ ಮೆಲ್ಝಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ನೋವಿನ ಬಗ್ಗೆ ಒಂದು ಸಿದ್ಧಾಂತ ಮಂಡಿಸಿದರು. ನೋವಿನ ಸಂದೇಶ ಮಿದುಳಿಗೆ ಹೋಗುವ ದಾರಿಯಲ್ಲಿ, ಬೆನ್ನುಹುರಿಯಲ್ಲಿ, ಒಂದು ಬಾಗಿಲಿನಂಥ ವ್ಯವಸ್ಥೆ ಇದೆ. ಮಿದುಳೂ ಅದನ್ನು ತೆರೆಯಬಲ್ಲದು, ಮುಚ್ಚಬಲ್ಲದು ಎಂದರು. ಸಿಟ್ಟು, ಆತಂಕ ತುಂಬಿದಾಗ ಅದೇ ನೋವು ಹೆಚ್ಚಾಗಿ ಕಾಣುತ್ತದೆ. ಮನಸ್ಸು ತಿಳಿಯಾದಾಗ ಕಡಿಮೆಯಾಗುತ್ತದೆ.

ಶರಣರು ಎಚ್ಚರಿಸಿದ ಅಷ್ಟಮದಗಳನ್ನು ನೆನೆಯಿರಿ: ಕುಲ, ಛಲ, ಧನ, ರೂಪ, ಯೌವನ, ವಿದ್ಯೆ, ರಾಜ್ಯ, ತಪ. ಎರಡನೆಯದು ಛಲ. ಕೊನೆಯದು ತಪ, ಅಂದರೆ ಒಳ್ಳೆಯ ಕೆಲಸ ಮಾಡಿದವರಿಗೆ ಬರುವ ಮದ. ಇದಕ್ಕೆ ಸೊನ್ನಲಿಗೆಯ ಸಿದ್ಧರಾಮೇಶ್ವರರ ಕಥೆಯೇ ನಿದರ್ಶನ. ಅವರು ಕೆರೆ ಕಟ್ಟಿಸಿದವರು, ಗುಡಿ ಕಟ್ಟಿಸಿದವರು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಅವರನ್ನು ಕೆಣಕುತ್ತಾರೆ. ಸಿದ್ಧರಾಮರ ಕೋಪ ಬೆಂಕಿಯಾಗಿ ಹೊಮ್ಮುತ್ತದೆ, ಆದರೆ ಅದು ಪ್ರಭುಗಳನ್ನು ಸುಡುವುದಿಲ್ಲ. ಆಗ ಅವರಿಗೆ ತಿಳಿವು ಮೂಡುತ್ತದೆ. ಕಲ್ಯಾಣಕ್ಕೆ ಹೋಗಿ, ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆಯುತ್ತಾರೆ. ಅವರು ಕಟ್ಟಿಸಿದ ಕೆರೆಯಲ್ಲಿ ತಪ್ಪಿರಲಿಲ್ಲ, ‘ಕಟ್ಟಿಸಿದವನು ನಾನು’ ಎಂಬುದರಲ್ಲಿ ತಪ್ಪಿತ್ತು.

‘ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ’ ಎಂಬ ಗಾದೆ ಇದೆಯಲ್ಲ ಎಂದು ಕೆಲವರು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ಶರಣರು ಅನ್ಯಾಯಕ್ಕೆ ಬಗ್ಗಿದವರಲ್ಲ. ಹರಳಯ್ಯ ಮಧುವರಸರು ಮಕ್ಕಳ ಮದುವೆಯ ಕಾರಣಕ್ಕೆ ಪ್ರಾಣವನ್ನೇ ಕೊಟ್ಟರು. ಅದು ಸ್ವಾಭಿಮಾನ. ಸ್ವಾಭಿಮಾನಿ ಎದುರಿನವನ ಮಾನವನ್ನೂ ಕಾಯುತ್ತಾನೆ. ಅಹಂಕಾರಿಗೆ ತನ್ನ ಮಾತು ನಡೆದರೆ ಸಾಕು.

ಈಗ ಬಹಳ ಎಚ್ಚರಿಕೆಯಿಂದ ಹೇಳಬೇಕಾದ ಮಾತು. ನೋಯುವವರನ್ನೆಲ್ಲ ‘ನಿನ್ನ ಅಹಂಕಾರದಿಂದಲೇ ನೋವು’ ಎಂದು ಹಳಿಯಬಾರದು. ಹಿಂದೆ ‘ಪೂರ್ವಜನ್ಮದ ಕರ್ಮ’ ಎಂದು ಹೇಳಿ ಬಡವರ ಬಾಯಿ ಮುಚ್ಚಿಸುತ್ತಿದ್ದರು. ಇದೂ ಹಾಗೆ ಆಗಬಾರದು. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಮಿತಿ ಬಹಳ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಕೀಲು, ಬೆನ್ನುಮೂಳೆ ಬಿಗಿದುಕೊಳ್ಳುತ್ತವೆ. ಅವರ ಬೆನ್ನು ಸೆಟೆದದ್ದು ಸೊಕ್ಕಿನಿಂದಲ್ಲ, ನೀರಿನಿಂದ. ಅವರಿಗೆ ಬೇಕಾದ್ದು ಉಪದೇಶವಲ್ಲ, ಶುದ್ಧ ನೀರು ಮತ್ತು ಚಿಕಿತ್ಸೆ.

ಇನ್ನೊಂದು ಮಾತು. ಒಬ್ಬರ ಅಹಂಕಾರ ಇನ್ನೊಬ್ಬರ ಮೈಯಲ್ಲಿ ನೋಯುವುದೂ ಉಂಟು. ಗಂಡ ಮನೆಗೆ ಬರುವ ಹೊತ್ತಾದರೆ ಹೆಂಡತಿಗೆ ತಲೆನೋವು ಶುರುವಾಗುತ್ತದೆ, ಅತ್ತೆ ಕರೆದರೆ ಸೊಸೆಯ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮಾತ್ರೆ ನುಂಗುವವರು ಅವರು, ಬದಲಾಗಬೇಕಾದವರು ಬೇರೆಯವರು. ಆದ್ದರಿಂದ ‘ನನಗೆ ಯಾಕೆ ನೋವು?’ ಎಂದು ಕೇಳಿಕೊಳ್ಳುವುದರ ಜೊತೆಗೆ ‘ನನ್ನಿಂದ ಯಾರ ಮೈ ನೋಯುತ್ತಿದೆ?’ ಎಂದೂ ಕೇಳಿಕೊಳ್ಳೋಣ. ದಯೆಯೇ ಧರ್ಮದ ಮೂಲ ಎಂದು ನಂಬುವ ನಮಗೆ ಎರಡನೆಯ ಪ್ರಶ್ನೆಯೇ ದೊಡ್ಡದು.

ಹಾಗಾದರೆ ಏನು ಮಾಡಬೇಕು? ಎದೆನೋವು ಬಂದರೆ, ಕೈಕಾಲಿನ ಶಕ್ತಿ ಕುಂದಿದರೆ, ನೋವು ವಾರಗಟ್ಟಲೆ ಉಳಿದರೆ ಮೊದಲು ವೈದ್ಯರ ಬಳಿ ಹೋಗಿ. ಪೂಜೆ ಔಷಧಿಗೆ ಬದಲಿಯಲ್ಲ. ಅದರ ಜೊತೆಗೆ ದಿನವೂ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಕೂತಾಗ ಭುಜ ಸಡಿಲ ಬಿಡಿ, ದವಡೆ ಸಡಿಲ ಬಿಡಿ, ಉಸಿರು ನಿಧಾನವಾಗಲಿ. ಲಿಂಗವನ್ನು ನೋಡಲು ತಲೆ ತಾನಾಗಿ ಬಾಗುತ್ತದೆ. ಆ ಬಾಗುವಿಕೆ ಪೂಜೆ ಮುಗಿದ ಮೇಲೂ ಉಳಿಯಬೇಕು.

ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠ ನಿಮಗೆಲ್ಲ ಗೊತ್ತು. ಸೋಮವಾರದಂದು ಅಲ್ಲಿಗೆ ಜಮೀನಿನ ವ್ಯಾಜ್ಯ, ಸಂಸಾರದ ವ್ಯಾಜ್ಯ ಹೊತ್ತು ಜನ ಬರುತ್ತಾರೆ. ಅಂಥ ಕಡೆ ಒಬ್ಬ ‘ಆಯಿತು, ಬಿಟ್ಟೆ’ ಎಂದರೆ ಹೊಲದ ಬದು ಎಷ್ಟು ಸರಿಯಿತು ಎಂಬುದು ಸಣ್ಣ ಮಾತು. ಆ ರಾತ್ರಿ ಎರಡು ಮನೆಯವರಿಗೆ ನಿದ್ದೆ ಬರುತ್ತದೆ.

ನಮ್ಮ ‘ಶರಣು ಶರಣಾರ್ಥಿ’ಯಲ್ಲಿ ಹೇಳುವವರೂ ಬಾಗುತ್ತಾರೆ, ಕೇಳಿಸಿಕೊಂಡವರೂ ಬಾಗುತ್ತಾರೆ. ಅಲ್ಲಿ ಯಾರೂ ಸೋಲುವುದಿಲ್ಲ. ನೀವು ಮಾತು ಬಿಟ್ಟ ಒಬ್ಬರಾದರೂ ಇದ್ದರೆ, ಈ ವಾರ ಅವರ ಮನೆಗೆ ಹೋಗಿ ಆ ಮಾತನ್ನು ನೀವೇ ಮೊದಲು ಹೇಳಿ.