ನೆರೆಮನೆಯವರ ಕೊನೆಯ ದಿನಗಳಲ್ಲಿ ನಾವು
(ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಶಿವಾಜಿನಗರ, ಹಲಸೂರಿನ ನಮ್ಮ ಸಂಘಗಳ ಉಳಿತಾಯ ಪುಸ್ತಕದಲ್ಲಿ ಮೇರಿ, ಲಕ್ಷ್ಮಿ, ಫಾತಿಮಾ ಎಲ್ಲರ ಹೆಸರೂ ಒಂದರ ಕೆಳಗೊಂದು ಇರುತ್ತದೆ. ಆದರೆ ಫಾತಿಮಾ ಆಪಾ ಮನೆಯಲ್ಲಿ ಅತ್ತೆಗೆ ಕ್ಯಾನ್ಸರ್ ಕೊನೇ ಹಂತಕ್ಕೆ ಬಂತು ಅಂದರೆ, 'ಅವರ ಪದ್ಧತಿ ನಮಗೆ ಗೊತ್ತಿಲ್ಲ' ಎಂದು ನಾವು ಬಾಗಿಲಲ್ಲೇ ನಿಂತುಬಿಡುತ್ತೇವೆ. ಹಾಗೆ ನಿಲ್ಲಬೇಕಾಗಿಲ್ಲ.

ಮೊದಲು ನೋವಿನ ವಿಷಯ. ಡಾಕ್ಟರ್ ಮಾರ್ಫಿನ್ ಮಾತ್ರೆ ಬರೆದಿರುತ್ತಾರೆ, ಮನೆಯವರು ಅದನ್ನು ಕಪಾಟಿನಲ್ಲಿ ಇಟ್ಟಿರುತ್ತಾರೆ. ನಶೆ ಹರಾಮ್ ಎಂಬ ಭಯ. ನೋವಿಗೆ ಬೇಕೇಬೇಕಾದ ಔಷಧಿಗೆ ಧರ್ಮದಲ್ಲಿ ಅವಕಾಶ ಇದೆ ಎಂದೇ ಹೆಚ್ಚಿನ ಉಲೇಮಾಗಳ ಅಭಿಪ್ರಾಯ. ನಾವು ವಾದ ಮಾಡುವುದು ಬೇಡ, ಮಸೀದಿಯ ಹಜ್ರತರನ್ನು ಒಂದು ಮಾತು ಕೇಳಿ ಅನ್ನೋಣ. ಮಾತ್ರೆಯನ್ನು ನೋವು ಬಂದಾಗ ಮಾತ್ರವಲ್ಲ, ಹೇಳಿದ ಹೊತ್ತಿಗೆ ಸರಿಯಾಗಿ ಕೊಡಬೇಕು. ಇದರಿಂದ ಮಲಬದ್ಧತೆ ಆಗುತ್ತದೆ, ಅದಕ್ಕೂ ಔಷಧಿ ಕೇಳಿ ಪಡೆಯಬೇಕು. ತಾವಾಗಿಯೇ ನಿಲ್ಲಿಸಬಾರದು.

ರಂಜಾನಿನಲ್ಲಿ ಕಾಯಿಲೆಯವರಿಗೆ ರೋಜಾದಿಂದ ವಿನಾಯಿತಿ ಇದೆ. ನೀರು ತಾಗಬಾರದ ಸ್ಥಿತಿಯಲ್ಲಿ ವಜೂ ಬದಲು ಶುದ್ಧ ಮಣ್ಣಿನಿಂದ ತಯಮ್ಮುಮ್ ಮಾಡಬಹುದು, ಮಲಗಿಕೊಂಡೇ ನಮಾಜ್ ಮಾಡಬಹುದು. ಹೆಂಗಸರ ಮೈ ಒರೆಸುವುದು, ಬಟ್ಟೆ ಬದಲಿಸುವುದು ಹೆಂಗಸರೇ ಮಾಡಬೇಕು, ಪರದೆ ಎಳೆದು. ಇಲ್ಲಿ ನಮ್ಮ ಕೈ ನಿಜವಾಗಿ ಬೇಕಾಗುತ್ತದೆ! ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಬೆನ್ನು ಹುಣ್ಣಾಗುವುದು ಕಡಿಮೆ.

ಊಟ ಬಿಟ್ಟಾಗ ಬಲವಂತವಾಗಿ ಬಾಯಿಗೆ ಹಾಕಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹತ್ತಿಯಿಂದ ತುಟಿ ಒದ್ದೆ ಮಾಡಿದರೆ ಸಾಕು. ಮನೆಯಲ್ಲಿ ಜಮ್‌ಜಮ್ ನೀರು ಇದ್ದರೆ ಅದನ್ನೇ ಬಳಸಲಿ. ಕೊನೇ ಗಳಿಗೆಯಲ್ಲಿ ಮುಖ ಕಿಬ್ಲಾ ಕಡೆಗೆ ತಿರುಗಿಸುತ್ತಾರೆ. ನಮ್ಮ ಬೆಂಗಳೂರಿನಿಂದ ಅದು ಪಶ್ಚಿಮ, ತುಸು ಉತ್ತರಕ್ಕೆ ವಾಲಿದಂತೆ. ಹತ್ತಿರದವರು ಮೆಲ್ಲಗೆ ಕಲಿಮಾ ಹೇಳುತ್ತಾರೆ, ಯಾಸೀನ್ ಓದುತ್ತಾರೆ. ನಮ್ಮಲ್ಲಿ ಗುರುಗಳನ್ನು ಕರೆಸಿ ಅಭ್ಯಂಗ ಕೊಡಿಸುವ ಹೊತ್ತು ಇದ್ದ ಹಾಗೆ ಅದು. ಆಗ ಟಿ.ವಿ. ಆರಿಸಿ, ಮಕ್ಕಳನ್ನು ಕರೆದುಕೊಂಡು ಹೋಗಿ ಊಟ ಹಾಕಿ.

ಮೈಯಿತ್‌ಗೆ ಗುಸುಲ್ ಮಾಡಿಸುವುದು ಅವರವರೇ. ದಫನ್ ಬೇಗ ಆಗಬೇಕು. ಮನೆಯಲ್ಲಿ ತೀರಿಕೊಂಡರೆ ನೋಡುತ್ತಿದ್ದ ಡಾಕ್ಟರರ ಮರಣದ ಚೀಟಿ ಬೇಕು, ಆ ಓಡಾಟಕ್ಕೆ ಒಬ್ಬರು ಮುಂದಾಗಿ. ಸಂಘದ ತುರ್ತು ಸಾಲವನ್ನೂ ಅಂದೇ ಕೊಡಿ.

ಮನೆಯಲ್ಲಿ ನೋಡಿಕೊಳ್ಳಲು ಆಗದಿದ್ದರೆ ಮಾರತಹಳ್ಳಿ ಹತ್ತಿರ ಕರುಣಾಶ್ರಯ ಇದೆ. ಇಂಡಿಯನ್ ಕ್ಯಾನ್ಸರ್ ಸೊಸೈಟಿ ಮತ್ತು ಇಂದಿರಾನಗರದ ರೋಟರಿಯವರು ಸೇರಿ 1994ರಲ್ಲಿ ಟ್ರಸ್ಟ್ ಮಾಡಿದರು. ಜಾತಿ ಮತ ಕೇಳದೆ, ಹಣ ತೆಗೆದುಕೊಳ್ಳದೆ ನೋಡುತ್ತಾರೆ. ಕೆ.ಆರ್. ಪುರದವರಿಗೆ ಅದು ಹತ್ತಿರವೇ. ನಿಮ್ಮ ಬೀದಿಯಲ್ಲಿ ಹಾಸಿಗೆ ಹಿಡಿದವರಿದ್ದರೆ, ಮನೆಯವರನ್ನು ಕೇಳಿಕೊಂಡು, ಮುಂದಿನ ಸಭೆಗೆ ಬರುವಾಗ ನಮಗೆ ತಿಳಿಸಿ.