ಹೊಟ್ಟೆಹುಣ್ಣು ಮತ್ತು ಅಡ್ರಿನಲ್ ಗ್ರಂಥಿ

ಜಠರದಲ್ಲಿ ದಿನಕ್ಕೆ ಸುಮಾರು 2 ಲೀಟರ್ ರಸ ಊರುತ್ತದೆ. ಅದರ ಆಮ್ಲ ಮಾಂಸವನ್ನೇ ಕರಗಿಸಬಲ್ಲದು, ಜಠರ ಮಾತ್ರ ಕರಗುವುದಿಲ್ಲ. ಅದನ್ನು ಕಾಯುವ, ಒಳಗೋಡೆಗೆ ಹತ್ತಿದ ಲೋಳೆಯ ಪದರ ಒಂದು ಮಿಲಿಮೀಟರಿಗಿಂತ ತೆಳು. ಅದರ ಮೇಲ್ಬದಿಯಲ್ಲಿ ಕಟುವಾದ ಆಮ್ಲವಿದ್ದರೆ, ಜೀವಕೋಶಕ್ಕೆ ತಾಗಿದ ಬದಿಯಲ್ಲಿ ಬೈಕಾರ್ಬೊನೇಟ್ ಜಿನುಗಿ ಆ ಕಟುತನವನ್ನು ಇಳಿಸುತ್ತದೆ. ಸವೆದ ಕೋಶಗಳ ಜಾಗಕ್ಕೆ ಕೆಲವೇ ದಿನಗಳಲ್ಲಿ ಹೊಸವು ಬರುತ್ತವೆ. ಈ ದುರಸ್ತಿಗೆ ರಕ್ತವೂ ಬೇಕು, ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕವೂ ಬೇಕು. ದುರಸ್ತಿ ಹಿಂದೆ ಬಿದ್ದಲ್ಲಿ ಹುಣ್ಣಾಗುತ್ತದೆ.

ಮೂತ್ರಪಿಂಡಗಳ ನೆತ್ತಿಯಲ್ಲಿ ಕೂತ ಅಡ್ರಿನಲ್ ಗ್ರಂಥಿಗಳ ಪಾತ್ರ ಇಲ್ಲಿಯೇ. ದೊಡ್ಡ ಗಾಯವಾದಾಗ ಇವುಗಳ ತಿರುಳಿನಿಂದ ಅಡ್ರಿನಲಿನ್ ಹೊಮ್ಮುತ್ತದೆ. ಜಠರದ ರಕ್ತನಾಳಗಳು ಬಿಗಿದು, ಗೋಡೆಗೆ ಸೇರಬೇಕಾದ ರಕ್ತ ತಗ್ಗುತ್ತದೆ. ಮೈ ಸುಟ್ಟವರ ಸಣ್ಣಕರುಳಿನ ಮೊದಲ ಭಾಗದಲ್ಲಿ ಹುಣ್ಣಾಗುವುದನ್ನು ಲಂಡನ್ನಿನ ವೈದ್ಯ ಥಾಮಸ್ ಕರ್ಲಿಂಗ್ 1842ರಲ್ಲಿಯೇ ಬರೆದಿಟ್ಟ. 1936ರಲ್ಲಿ ವಿಜ್ಞಾನಿ ಹಾನ್ಸ್ ಸೆಲ್ಯೆ, ಬಗೆಬಗೆಯ ಹಿಂಸೆಗೆ ಒಳಗಾದ ಇಲಿಗಳಲ್ಲಿ ಅಡ್ರಿನಲ್ ಊದಿಕೊಂಡದ್ದನ್ನೂ ಜಠರದಲ್ಲಿ ಹುಣ್ಣೆದ್ದದ್ದನ್ನೂ ಒಟ್ಟಿಗೇ ಕಂಡ. ಹಾಗೆಂದು ಗ್ರಂಥಿಯ ಹೊರಪದರದ ಕಾರ್ಟಿಸಾಲನ್ನೇ ಅಪರಾಧಿ ಎನ್ನುವುದು ಅವಸರದ ಮಾತು. ಅಡ್ರಿನಲ್ ತೆಗೆದ ಇಲಿಗಳಲ್ಲಿ ಹುಣ್ಣು ಇನ್ನೂ ಹೆಚ್ಚಿದ್ದುಂಟು. ತನ್ನ ಅಳತೆಯಲ್ಲಿದ್ದಾಗ ಕಾರ್ಟಿಸಾಲ್ ಜಠರಕ್ಕೆ ಆಸರೆ.

ಮನುಷ್ಯರಲ್ಲಿ ಬಹುಪಾಲು ಹುಣ್ಣಿಗೆ ಕಾರಣ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ, ಇಲ್ಲವೇ ನೋವಿನ ಗುಳಿಗೆ. ಬ್ಯಾಕ್ಟೀರಿಯಾದ ಪಾತ್ರವನ್ನು ತೋರಿಸಿದ ಮಾರ್ಷಲ್ ಮತ್ತು ವಾರೆನ್‌ಗೆ 2005ರಲ್ಲಿ ನೊಬೆಲ್ ಬಂತು. ಊಟದ ಪಾಲೂ ಇರಬಹುದು. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿದ್ದ ಶಸ್ತ್ರವೈದ್ಯ ಫ್ರಾಂಕ್ ಟೋವಿ, ಅನ್ನವೇ ಮುಖ್ಯ ಆಹಾರವಾದ ಸೀಮೆಗಳಲ್ಲಿ ಈ ಕಾಯಿಲೆ ಹೆಚ್ಚೆಂದು ಗಮನಿಸಿದ್ದರು.

ಬಾದನಹಟ್ಟಿ, ಕುರುಗೋಡು, ಸಿರುಗುಪ್ಪದಂಥ ಭತ್ತದ ಸೀಮೆಯಲ್ಲಿ ನಾಟಿಯ ದಿನಗಳ ಸೊಂಟನೋವು ಹೊಸದಲ್ಲ. ಅದಕ್ಕೆ ನುಂಗುವ ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ಪ್ರೋಸ್ಟಗ್ಲಾಂಡಿನ್ ತಯಾರಿಯನ್ನೇ ತಡೆಯುತ್ತದೆ. ಕಾರ್ಟಿಸಾಲ್ ಮಾದರಿಯ ಸ್ಟೀರಾಯ್ಡ್ ಆದ ಪ್ರೆಡ್ನಿಸೊಲೋನ್ ಗಾಯ ಮಾಯುವುದನ್ನು ನಿಧಾನ ಮಾಡುತ್ತದೆ. ಸ್ಟೀರಾಯ್ಡ್ ಒಂದೇ ಆದರೆ ಅಪಾಯ ಕಡಿಮೆ. ಎರಡನ್ನೂ ಒಟ್ಟಿಗೆ ನುಂಗಿದರೆ ಹುಣ್ಣಿನ ಅಪಾಯ ಹಲವು ಪಟ್ಟು ಏರುತ್ತದೆ. ಡಾಂಬರಿನಂತೆ ಕಪ್ಪಗೆ ಮಲವಾದರೆ ಒಳಗೆ ರಕ್ತ ಸೋರುತ್ತಿರಬಹುದು; ಆಗ ತಡಮಾಡದೆ ಆಸ್ಪತ್ರೆ ಸೇರಬೇಕು. ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗಿದವರು ಹೆದರಿ ತಟ್ಟನೆ ಬಿಡುವುದೂ ಕೇಡೇ. ಅಷ್ಟು ದಿನ ಸುಮ್ಮನಿದ್ದ ಅಡ್ರಿನಲ್‌ಗೆ ಕೂಡಲೇ ಕಾರ್ಟಿಸಾಲ್ ಒದಗಿಸಲು ಆಗುವುದಿಲ್ಲ, ರಕ್ತದೊತ್ತಡ ಕುಸಿಯುತ್ತದೆ. ಹಾಗಾಗಿ ವೈದ್ಯರು ಗುಳಿಗೆಯ ಪ್ರಮಾಣವನ್ನು ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾರೆ.