ಸಂಘದ ಜಾಲತಾಣಕ್ಕೆ ಉಚಿತ ಸರ್ಟಿಫಿಕೇಟ್
(ಉಪ್ಪಾರಹಳ್ಳಿಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಉರ್ದುವಿನಲ್ಲಿ ಅಮಾನತ್ ಎಂಬ ಮಾತಿದೆ. ನಂಬಿ ಒಪ್ಪಿಸಿದ ವಸ್ತು ಎಂದರ್ಥ. (ಅದೇ ಪದ ಕನ್ನಡದಲ್ಲಿ ನೌಕರನನ್ನು ಕೆಲಸದಿಂದ ತಡೆಹಿಡಿಯುವುದಕ್ಕೆ ಬಳಕೆಯಾಗುತ್ತಿರುವುದು ಬೇರೆ ವಿಚಾರ.) ಶಿಷ್ಯವೇತನದ ಅರ್ಜಿಯಲ್ಲಿ ನೀವು ತುಂಬುವ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ತಂದೆಯವರ ವರಮಾನ, ಇವೆಲ್ಲ ಅಮಾನತ್ತೇ. ತಾಣದ ವಿಳಾಸ ಬರಿಯ ಎಚ್‌ಟಿಟಿಪಿ ಆಗಿದ್ದರೆ ಅವು ಅಂಚೆ ಕಾರ್ಡಿನಂತೆ ಹೋಗುತ್ತವೆ. ದಾರಿಯಲ್ಲಿ ಯಾರೂ ಓದಬಹುದು. ಎಚ್‌ಟಿಟಿಪಿಎಸ್ ಆಗಿದ್ದರೆ ಅಂಟಿಸಿದ ಲಕೋಟೆ. ಆ ಲಕೋಟೆಯ ಮೊಹರೇ ಟಿಎಲ್‌ಎಸ್ ಸರ್ಟಿಫಿಕೇಟ್.

ಹಿಂದೆ ಇದಕ್ಕೆ ಸಾಮಾನ್ಯವಾಗಿ ಹಣ ಕಟ್ಟಬೇಕಿತ್ತು. 2015ರಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ವ್ಯವಸ್ಥೆ ಉಚಿತವಾಗಿ ಕೊಡಲಾರಂಭಿಸಿತು. 2016ರಲ್ಲಿ ಅಮೆಜಾನ್ ತನ್ನ ಕ್ಲೌಡ್ ಗ್ರಾಹಕರಿಗೂ ಕೊಟ್ಟಿತು. ನಮ್ಮಂಥ ಸಣ್ಣ ಸಂಘಗಳು ಇನ್ನು ಹಣದ ನೆಪ ಹೇಳುವಂತಿಲ್ಲ.

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಲಕ್ಷಗಟ್ಟಲೆ ಮಕ್ಕಳು ಒಂದೇ ತಾಣ ತೆರೆದರೆ ಒಂದು ಕಂಪ್ಯೂಟರ್ ತಾಳಲಾರದು. ಬಂದವರನ್ನು ಹಲವು ಸರ್ವರ್‌ಗಳಿಗೆ ಹಂಚುತ್ತ ಬಾಗಿಲಲ್ಲಿ ನಿಂತಿರುವುದೇ ಲೋಡ್ ಬ್ಯಾಲೆನ್ಸರ್. ಅರ್ಜಿಯ ಕೊನೆಯ ದಿನ ಸಂಘದ ತಾಣಕ್ಕೂ ಅದು ಬೇಕಾಗಬಹುದು. ಅದರ ಬಾಡಿಗೆ ಬೇರೆ. ಸರ್ಟಿಫಿಕೇಟ್ ಮಾತ್ರ ಉಚಿತ.

ಅಮೆಜಾನಿನದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಲೋಡ್ ಬ್ಯಾಲೆನ್ಸರ್ ಮುಂಬಯಿ ಕೇಂದ್ರದಲ್ಲಿದ್ದರೆ ಸರ್ಟಿಫಿಕೇಟನ್ನೂ ಅಲ್ಲಿಯೇ ಕೋರಬೇಕು. ಕೋರಿದಾಗ ಸಿನೇಮ್ ಎಂಬ ಒಂದು ಸಾಲಿನ ದಾಖಲೆ ಕೊಡುತ್ತಾರೆ. ಅದನ್ನು ನಮ್ಮ ಹೆಸರಿನ ಡಿಎನ್‌ಎಸ್‌ನಲ್ಲಿ ಸೇರಿಸಿದರೆ, ಹೆಸರು ನಮ್ಮ ಹತೋಟಿಯಲ್ಲಿದೆ ಎಂಬುದಕ್ಕೆ ಅದೇ ಸಾಕ್ಷಿ. ಸರ್ಟಿಫಿಕೇಟ್ ಬಂದ ಮೇಲೆ ಅದನ್ನು ಲೋಡ್ ಬ್ಯಾಲೆನ್ಸರಿನ 443ನೆಯ ಪೋರ್ಟಿಗೆ ಜೋಡಿಸಿ, 80ಕ್ಕೆ ಬಂದವರನ್ನು 443ಕ್ಕೆ ಕಳುಹಿಸುವಂತೆ ಹೇಳಬೇಕು.

ಆ ಸಿನೇಮ್ ಸಾಲನ್ನು, ಕೆಲಸ ಮುಗಿಯಿತಲ್ಲ ಎಂದು ಅಳಿಸಬಾರದು. ಅದು ಅಲ್ಲಿರುವ ತನಕ ಸರ್ಟಿಫಿಕೇಟ್ ತಾನಾಗಿ ನವೀಕರಣವಾಗುತ್ತದೆ. ಅಳಿಸಿದರೆ ಕೆಲವು ತಿಂಗಳ ನಂತರ, ಬಹುಶಃ ಅರ್ಜಿಯ ಕೊನೆಯ ದಿನವೇ, ತಾಣ ತೆರೆಯಹೋದ ಹುಡುಗಿಗೆ ಕೆಂಪು ಎಚ್ಚರಿಕೆ ಕಾಣುತ್ತದೆ. ಸ್ವಂತ ಸರ್ವರ್ ಇದ್ದವರು ಲೆಟ್ಸ್ ಎನ್‌ಕ್ರಿಪ್ಟ್ ಪಡೆದು ನವೀಕರಣವನ್ನು ಪ್ರೋಗ್ರಾಮಿಗೇ ವಹಿಸಬೇಕು. 2025ರ ನಿರ್ಣಯದಂತೆ 2029ರ ಮಾರ್ಚ್‌ನಿಂದ ಹೊಸದಾಗಿ ಕೊಡುವ ಇಂಥ ಸರ್ಟಿಫಿಕೇಟಿನ ಆಯುಷ್ಯ 47 ದಿನ ಮೀರುವಂತಿಲ್ಲ. ಕೈಯಿಂದ ಎಷ್ಟು ಸಲ ಮಾಡುತ್ತೀರಿ?

ಹಿರಿಯರಲ್ಲಿ ಒಂದು ವಿನಂತಿ. ತಾಣದ ಹೆಸರೂ ಕ್ಲೌಡ್ ಖಾತೆಯೂ ಸಂಘದ ಹೆಸರಿನಲ್ಲಿ, ಸಂಘದ ಇಮೇಲಿನಲ್ಲಿ ಇರಲಿ. ತಾಣ ಮಾಡಿಕೊಟ್ಟ ಹುಡುಗ ನಾಳೆ ದುಬೈಗೆ ಹೋದರೆ ಪಾಸ್‌ವರ್ಡ್ ಯಾರನ್ನು ಕೇಳುವುದು?

ಮೊಹರು ಒತ್ತುವವರೂ ಎಡವುವುದುಂಟು. 2014ರ ಜುಲೈಯಲ್ಲಿ ನಮ್ಮ ದೇಶದ ಎನ್‌ಐಸಿಯ ಮೂಲಕ ಗೂಗಲ್‌ನ ಹೆಸರುಗಳಿಗೆ ಅನಧಿಕೃತ ಸರ್ಟಿಫಿಕೇಟುಗಳು ಹೊರಬಿದ್ದವು. ಮೇಲ್ವಿಚಾರಣೆಯ ಸರ್ಕಾರಿ ಪ್ರಾಧಿಕಾರ ಎನ್‌ಐಸಿಗೆ ಆ ಅಧಿಕಾರ ಕೊಟ್ಟಿದ್ದ ಸರ್ಟಿಫಿಕೇಟುಗಳನ್ನೇ ರದ್ದುಪಡಿಸಿತು.

ವಿದ್ಯಾರ್ಥಿಗಳೇ, ಈ ಮೊಹರು ತಾಣದ ಹೆಸರನ್ನು ದೃಢಪಡಿಸುತ್ತದೆ, ನಡೆಸುವವರ ಪ್ರಾಮಾಣಿಕತೆಯನ್ನಲ್ಲ. ನಕಲಿ ಶಿಷ್ಯವೇತನದ ತಾಣಕ್ಕೂ ಇದೇ ಸರ್ಟಿಫಿಕೇಟ್ ಉಚಿತವಾಗಿ ಸಿಗುತ್ತದೆ. ರಾಜ್ಯದ ಶಿಷ್ಯವೇತನಕ್ಕೆ ಅರ್ಜಿ ಹಾಕುವಾಗ ಹೆಸರು 'ಕರ್ನಾಟಕ ಡಾಟ್ ಗೌ ಡಾಟ್ ಇನ್' ಎಂದು ಮುಗಿಯುತ್ತದೆಯೇ ನೋಡಿ. ನಡುವೆ ಎಲ್ಲೋ ಆ ಅಕ್ಷರಗಳಿದ್ದು ಕೊನೆಯಲ್ಲಿ ಬೇರೇನೋ ಇದ್ದರೆ ಆಧಾರ್ ಸಂಖ್ಯೆ ತುಂಬಬೇಡಿ. ಪುಟ ಮುಚ್ಚಿ, ನಿಮ್ಮ ಶಾಲೆಯ ಗುರುಗಳನ್ನು ಕೇಳಿ. ಖುದಾ ಹಾಫಿಜ್.